ಬಣ್ಣವನ್ನು ಅಳೆಯುವವರು ಯಾರು?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಇದರಿಂದ ಹಾವೇರಿ ಜಿಲ್ಲೆಯ ಸಣ್ಣ ರೈತರಿಗೆ ಹೆಚ್ಚು ಬೆಲೆಯ ಮಾರುಕಟ್ಟೆಯ ಬಾಗಿಲು ತೆರೆಯಿತೆಂಬ ಮಾತನ್ನು ನೀವೂ ಕೇಳಿರುತ್ತೀರಿ. ಭೌತವಿಜ್ಞಾನ ಕಲಿಸುವವರ ಕಣ್ಣಿಗೆ ಈ ವಾದದಲ್ಲಿ ಒಂದು ಕೊರತೆ ಕಾಣುತ್ತದೆ. ಅಳತೆಯ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ.

ಬ್ಯಾಡಗಿ ಕಾಯಿಯಲ್ಲಿ ಖಾರ ಕಡಿಮೆ. ಅದರ ಹಿರಿಮೆ ಇರುವುದು ಬಣ್ಣದಲ್ಲಿ. ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳಿರುವ ಇದರ ಓಲಿಯೋರೆಸಿನ್ ಆಹಾರದ ಬಣ್ಣವಾಗಿ ರಫ್ತಾಗುತ್ತದೆ. ಆ ವ್ಯಾಪಾರದಲ್ಲಿ ಬಣ್ಣವೆಂದರೆ ಒಂದು ಸಂಖ್ಯೆ. ಕಾಯಿಯ ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ದ್ರಾವಣ 460 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಎಷ್ಟು ಹೀರುತ್ತದೆಂದು ನೋಡಿ 'ಆಸ್ಟಾ' ಮೌಲ್ಯವನ್ನು ಲೆಕ್ಕ ಹಾಕುತ್ತಾರೆ. ತರಗತಿಯ ಬಿಯರ್–ಲ್ಯಾಂಬರ್ಟ್ ನಿಯಮವೇ ಇದಕ್ಕೆ ಆಧಾರ.

ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಾದರೋ ವರ್ತಕರು ರಾಶಿಯನ್ನು ನೋಡಿ, ಕೈಯಲ್ಲಿ ಹಿಡಿದು, ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ದರ ಗಣಕಯಂತ್ರಕ್ಕೆ ಬಂದರೂ ಗುಣ ಬಹುಮಟ್ಟಿಗೆ ಕಣ್ಣಂದಾಜಿನಲ್ಲೇ ಉಳಿದಿದೆ. 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದರು. ಹಿಂಸೆಯನ್ನು ಯಾರೂ ಒಪ್ಪಲಾರರು. ಆದರೆ ದರ ಇಳಿದದ್ದು ಗುಣ ತಗ್ಗಿದ್ದರಿಂದಲೋ, ಮಾಲು ಹೆಚ್ಚಾದ್ದರಿಂದಲೋ ಎಂದು ತಿಳಿಸುವ ಅಂಕಿ ರೈತರ ಕೈಯಲ್ಲಿಲ್ಲದಿದ್ದರೆ ಸಂಶಯಕ್ಕೆ ಕೊನೆಯೆಲ್ಲಿ?

ಅಳತೆ ಇದ್ದರಷ್ಟೇ ಸಾಲದು ಎಂಬುದಕ್ಕೆ ನೆರೆಯ ರಾಣೆಬೆನ್ನೂರು ಉದಾಹರಣೆ. ಅಲ್ಲಿ ಸಣ್ಣ ಹಿಡುವಳಿದಾರರು ಕಂಪನಿಗಳ ಒಪ್ಪಂದದ ಮೇಲೆ ತರಕಾರಿಗಳ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ಬೀಜದ ಪರೀಕ್ಷೆ ನಡೆಯುವುದು ಕೊಳ್ಳುವವರ ಕಡೆಯಲ್ಲಿ. ಮೊಳಕೆ ಪರೀಕ್ಷೆಗೆ ಸಾಮಾನ್ಯವಾಗಿ 400 ಬೀಜ ತೆಗೆದುಕೊಳ್ಳುತ್ತಾರೆ. ನಿಜವಾದ ಮೊಳಕೆ ಪ್ರಮಾಣ ಶೇ. 90 ಎಂದಿಟ್ಟುಕೊಳ್ಳಿ. ಆಗ ಮಾನಕ ವಿಚಲನೆ √(0.9 × 0.1 ÷ 400), ಅಂದರೆ ಶೇ. 1.5. ಫಲಿತಾಂಶ 87ರಿಂದ 93ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಒಪ್ಪಂದದ ಗೆರೆಯೂ 90 ಆಗಿದ್ದರೆ, ತಪ್ಪಿಲ್ಲದ ಅದೇ ಬೀಜ ಸುಮಾರು ಅರ್ಧದಷ್ಟು ಸಲ ತಿರಸ್ಕೃತವಾಗುತ್ತದೆ! ದೋಷಮಿತಿ ಬರೆಯದ ವಿದ್ಯಾರ್ಥಿಯ ಅಂಕ ಕಳೆಯುವ ನಾವು, ದೋಷಮಿತಿಯಿಲ್ಲದ ಕರಾರನ್ನು ಪ್ರಶ್ನಿಸುವುದಿಲ್ಲ.

ಭೌಗೋಳಿಕ ಸೂಚಿ ನಿರರ್ಥಕವೆಂದು ಇದರ ಅರ್ಥವಲ್ಲ. ಅದು ಹೆಸರನ್ನು ಕಾಯುತ್ತದೆ. ಆದರೆ ಬೆಳಕಿಗೆ, ಗಾಳಿಗೆ ಬಣ್ಣ ಮಾಸುವುದರಿಂದ ಒಂದೇ ಊರಿನ ಎರಡು ರಾಶಿಗಳೂ ಸಮವಲ್ಲ. ಆ ವ್ಯತ್ಯಾಸವನ್ನು ಹೆಸರು ತಿಳಿಸದು.

ಶಿಕ್ಷಕರೇ, ನಿಮ್ಮ ಕಾಲೇಜಿನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ, ರಾಶಿಯ ಹತ್ತು ಕಡೆಯಿಂದ ಆರಿಸಿದ ಕಾಯಿಗಳನ್ನು ವಿದ್ಯಾರ್ಥಿಗಳಿಂದ ಅಳೆಯಿಸಿ. ಬಂದ ಅಂಕಿಯನ್ನು ದೋಷಮಿತಿಯೊಡನೆ ಬರೆದು ಬೆಳೆದವರ ಕೈಗೆ ಕೊಡಿ. ಅಷ್ಟರಿಂದಲೇ ದರ ಏರಲಿಕ್ಕಿಲ್ಲ. ಆದರೆ ಕೊಳ್ಳುವವರಿಗೆ ತಿಳಿದಿರುವುದು ಮಾರುವವರಿಗೂ ತಿಳಿದಿರುತ್ತದೆ. ನ್ಯಾಯವಾದ ಮಾರುಕಟ್ಟೆ ಅಲ್ಲಿಂದಲೇ ಆರಂಭವಾಗಬೇಕು.