ಹಳೆ ಟ್ರ್ಯಾಕ್ಟರಿಗೆ ಹೊಸ ಬಣ್ಣ

ಹಳೆಯ ಸಣ್ಣ ಟ್ರ್ಯಾಕ್ಟರನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಜೋಪಾನ ಮಾಡುವ ಹವ್ಯಾಸ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಉಂಟೇ ಎಂದು ಕೇಳಿದರೆ, ‘ಹವ್ಯಾಸ ಎಲ್ಲಿಂದು? ಮಾರಿದ್ರ ಗುಜರಿ ರೇಟು, ಇಟ್ಕೊಂಡ್ರ ನೀರಿನ ಟ್ಯಾಂಕರ್‌ನಾದ್ರೂ ಎಳೀತದ’ ಎಂಬ ಧಾಟಿಯ ಉತ್ತರವೇ ಸಿಗುವುದು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗ್ಯಾರೇಜುಗಳ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಇದು ಅರ್ಧ ಸತ್ಯ ಎಂದು ತಿಳಿಯುತ್ತದೆ. ಬರೀ ಲೆಕ್ಕ ನೋಡಿದ್ದರೆ ಯಾವಾಗಲೋ ಗುಜರಿ ಸೇರಬೇಕಿದ್ದ ಐಷರ್, ಎಚ್‌ಎಂಟಿ, ಮ್ಯಾಸಿಗಳು ಎರಡನೆಯ, ಮೂರನೆಯ ಸಲ ಬೋರ್ ಮಾಡಿಸಿಕೊಂಡು ಹೊರಗೆ ಬರುತ್ತವೆ. ಅಪ್ಪ ತಂದ ಗಾಡಿ ಎಂಬ ಒಂದೇ ಕಾರಣಕ್ಕೆ ಹೊಸ ಟ್ರ್ಯಾಕ್ಟರಿನ ಪಕ್ಕದಲ್ಲೇ ಅದಕ್ಕೂ ಒಂದು ತಗಡಿನ ಶೆಡ್ಡು ಎದ್ದಿರುತ್ತದೆ. ಹವ್ಯಾಸವೆಂಬ ಹೆಸರಿಲ್ಲ, ಕೆಲಸ ಮಾತ್ರ ನಡೆದಿದೆ. ಆ ಕೆಲಸದಲ್ಲಿ ಯಾವುದು ಚೆಂದ, ಯಾವುದು ಕೆಟ್ಟದ್ದು ಎಂದು ಬೇರ್ಪಡಿಸಿ ಹೇಳುವವರು ಕಡಿಮೆ. ಹಾಗೆ ಬೇರ್ಪಡಿಸಿ ಹೇಳುವುದಷ್ಟೇ ಈ ಬರಹದ ಉದ್ದೇಶ.

ಅಮೆರಿಕದಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಎಂದರೆ ಮನೆ ಮುಂದಿನ ಹುಲ್ಲು ಕತ್ತರಿಸುವ, ಹಿಮ ತಳ್ಳುವ ಪುಟ್ಟ ಗಾಡಿ. ವೀಲ್ ಹಾರ್ಸ್, 1961ರಲ್ಲಿ ಬಂದ ಕಬ್ ಕೆಡೆಟ್ ಮುಂತಾದವನ್ನು ಅಲ್ಲಿನವರು ಕೊನೆಯ ಬೋಲ್ಟಿನವರೆಗೂ ಬಿಚ್ಚಿ, ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣಕ್ಕೆ ತರುತ್ತಾರೆ. ನಮ್ಮಲ್ಲಿ ಕತ್ತರಿಸಲು ಹುಲ್ಲುಹಾಸೂ ಇಲ್ಲ, ತಳ್ಳಲು ಹಿಮವೂ ಇಲ್ಲ. ತೋಟದ ಟ್ರ್ಯಾಕ್ಟರ್ ಅಂದರೆ ನಮಗೆ ದ್ರಾಕ್ಷಿ, ದಾಳಿಂಬೆ, ನಿಂಬೆ ಸಾಲುಗಳ ನಡುವೆ ತೂರುವ 18.5 ಎಚ್‌ಪಿಯ ಮಿತ್ಸುಬಿಷಿ ಶಕ್ತಿ. ಅದಕ್ಕೂ ಹಿಂದಿನದೆಂದರೆ, ಒಂದು ಕಾಲಕ್ಕೆ ಪೂರ್ತಿ ಹೊಲವನ್ನೇ ನೋಡಿಕೊಂಡು ಈಗ ತೋಟದ ಹಗುರ ಕೆಲಸಕ್ಕೆ ಇಳಿದಿರುವ 25 ಎಚ್‌ಪಿಯ ಹಳೆಯ ಗಾಡಿಗಳು.

ಈ ಗಾಡಿಗಳ ಹಿಂದಿನ ಕಥೆ ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಮಾದರಿಯ 2511 ಅನ್ನು ತಯಾರಿಸತೊಡಗಿತು; ಎರಡು ಸಿಲಿಂಡರು, 25 ಎಚ್‌ಪಿ. ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಎಚ್‌ಎಂಟಿ ಎಂದರೆ ನಮ್ಮವರಿಗೆ ಗಡಿಯಾರ ಮಾತ್ರ ನೆನಪಿಗೆ ಬರುತ್ತದೆ, ಕೈಗಡಿಯಾರ ಕೂಡಿಡುವವರು ಊರೂರಿಗೆ ಸಿಗುತ್ತಾರೆ. ಅದೇ ಕಂಪನಿಯ ಟ್ರ್ಯಾಕ್ಟರಿಗೆ ಆ ಭಾಗ್ಯವಿಲ್ಲ. ಮಿತ್ಸುಬಿಷಿ ಶಕ್ತಿಯ ವಿಎಸ್‌ಟಿ ಕಂಪನಿಯೂ ಬೆಂಗಳೂರಿನದೇ, 1967ರಲ್ಲಿ ಶುರುವಾದದ್ದು. ಐಷರ್ ಮಾತ್ರ ಜರ್ಮನಿಯ ಬವೇರಿಯಾದಿಂದ ಬಂದು 1959ರಲ್ಲಿ ಫರೀದಾಬಾದಿನಲ್ಲಿ ನೆಲೆಯೂರಿತು. ಒಂದೇ ಸಿಲಿಂಡರು, ರೇಡಿಯೇಟರಿನ ಹಂಗಿಲ್ಲದೆ ಗಾಳಿಯಿಂದ ತಣಿಯುವ ಎಂಜಿನು. ಮುಂದೆ 1990ರ ದಶಕದಲ್ಲಿ ಬುಲೆಟ್ ಮೋಟಾರ್‌ಸೈಕಲ್ಲೂ ಇದೇ ಐಷರ್ ಕೈಗೆ ಬಂತು. ಹಳೆ ಬುಲೆಟ್ಟಿಗೆ ಲಕ್ಷ ಸುರಿಯುವ ಹುಡುಗರು ಅದೇ ಮನೆತನದ ಟ್ರ್ಯಾಕ್ಟರನ್ನು ಕಣ್ಣೆತ್ತಿ ನೋಡದಿರುವುದು ನನಗೆ ಇವತ್ತಿಗೂ ಸೋಜಿಗ. ಟ್ರ್ಯಾಕ್ಟರಿನ ಮೇಲೆ ಕೂತರೆ ಪೇಟೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲವಲ್ಲ, ಅದಕ್ಕಿರಬೇಕು.

‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎನ್ನುವ, ಡೋಣಿ ನದಿಯ ಸೀಮೆಯ ಎರೆಭೂಮಿ ಇದು. ಬೇಸಿಗೆಯಲ್ಲಿ ಬಿರಿದು ನಿಲ್ಲುವ ಎರೆಯಲ್ಲಿ ಕರಿಕೆ ಕೀಳುವ ಆಳದ ರೆಂಟೆಗೆ 25 ಎಚ್‌ಪಿ ಸಾಲದು. ಆಲಮಟ್ಟಿ ಕಾಲುವೆಯ ನೀರು ಬಂದು, ಕಬ್ಬು ಬಂದು, ಎರಡೆರಡು ಟ್ರೇಲರ್ ಎಳೆಯುವ ಕಾಲ ಬಂದಾಗ 50 ಎಚ್‌ಪಿಯ ಗಾಡಿಗಳು ಹೊಲಕ್ಕಿಳಿದವು. ಸಣ್ಣವು ಹರಗುವುದಕ್ಕೆ, ಔಷಧ ಹೊಡೆಯುವುದಕ್ಕೆ, ಟ್ಯಾಂಕರಿಗೆ ಉಳಿದವು. ಅವು ಉಳಿದದ್ದು ಅಭಿಮಾನದಿಂದ ಮಾತ್ರವಲ್ಲ. ಹಸಿ ಎರೆಯ ಮೇಲೆ ಭಾರದ ಗಾಡಿ ಓಡಾಡಿದರೆ ಮಣ್ಣು ಗಟ್ಟಿಕೊಂಡು ಬೇರಿಗೆ ಉಸಿರು ಕಟ್ಟುತ್ತದೆ; ಹಗುರ ಗಾಡಿ ಆ ಕೆಡುಕು ಕಡಿಮೆ ಮಾಡುತ್ತದೆ. ಹಳೆಯದರ ಪರವಾಗಿ ಮಾತಾಡುವವರು ಈ ವಾದವನ್ನು ಎತ್ತಬೇಕಿತ್ತು. ಅವರೋ ‘ಆಗಿನ ಕಬ್ಬಿಣವೇ ಬೇರೆ’ ಎಂಬಲ್ಲಿಗೇ ನಿಲ್ಲುತ್ತಾರೆ.

ಈಗ ಗ್ಯಾರೇಜಿನ ಒಳಗೆ ಬರೋಣ. ನಾಲ್ಕಾರು ಮಳೆಗಾಲ ನಿಂತ ಎಂಜಿನು ‘ಜಾಮ್’ ಆಗಿರುತ್ತದೆ. ಅವಸರದ ಕೈ ಏನು ಮಾಡುತ್ತದೆಂದರೆ, ಇನ್ನೊಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಗೇರಿಗೆ ಹಾಕಿ ಎಳೆಸುತ್ತದೆ. ಒಮ್ಮೊಮ್ಮೆ ಎಂಜಿನು ತಿರುಗುವುದೂ ಉಂಟು. ಅದರ ಜೊತೆಗೆ ಬೋರಿಗೆ ಅಂಟಿದ ರಿಂಗು ಮುರಿಯುತ್ತದೆ, ಇಲ್ಲವೇ ಕನೆಕ್ಟಿಂಗ್ ರಾಡು ಬಾಗುತ್ತದೆ. ತಿಳಿದ ಫಿಟ್ಟರು ನಾಜಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲು ಬೆರೆಸಿದ ಆಯಿಲ್ ಬಿಟ್ಟು ದಿನಗಟ್ಟಲೆ ಸುಮ್ಮನಿರುತ್ತಾನೆ. ಆಮೇಲೆ ಕ್ರ್ಯಾಂಕಿಗೆ ಪಾನಾ ಹಾಕಿ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ತಿರುಗಿತು ಎಂದಾಕ್ಷಣ ಸ್ಟಾರ್ಟ್ ಮಾಡುವುದೂ ಇಲ್ಲ. ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿ, ಪೈಪಿನಲ್ಲಿ ‘ಹವಾ ಹಿಡಿದದ’ ಎಂದು ಫಿಲ್ಟರಿನ ಬೋಲ್ಟು ಸಡಿಲಿಸಿ, ಪ್ರೈಮರ್ ಒತ್ತುತ್ತಾ ಹೋಗುತ್ತಾನೆ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಕಡಿಯದ ಡೀಸೆಲ್ಲಿನ ಧಾರೆ. ಟ್ಯಾಪೆಟ್ ಮುಚ್ಚಳ ತೆರೆದಿಟ್ಟು, ಎಂಜಿನನ್ನು ಸುಮ್ಮನೆ ತಿರುಗಿಸಿ, ರಾಕರುಗಳ ಮೇಲೆ ಆಯಿಲ್ ಏರಿ ಮಿನುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬೆಂಕಿ ಕೊಡುವುದು. ಡೀಸೆಲ್ ಪಂಪು ಕೂತಿದ್ದರೆ ಅದನ್ನು ಅಲ್ಲಿ ಮುಟ್ಟುವುದಿಲ್ಲ, ಕ್ಯಾಲಿಬ್ರೇಷನ್ ಮೆಷಿನ್ ಇರುವ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಕಳಿಸುತ್ತಾನೆ. ತನ್ನ ಕೈಗೆ ಮೀರಿದ್ದು ಯಾವುದು ಎಂಬ ಈ ಅರಿವನ್ನು ನಾನು ಕಸುಬಿನ ಮೊದಲ ಗುಣ ಎಂದು ಎಣಿಸುತ್ತೇನೆ.

ಈ ಸೀಮೆಗೇ ಸೇರಿದ ಎರಡು ರೋಗಗಳಿವೆ. ಒಂದು ಬೋರ್‌ವೆಲ್ ನೀರು. ಗಡಸು ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಹೊಯ್ದರೆ ಒಳಗೆಲ್ಲ ಸುಣ್ಣದ ಪೊರೆ ಕಟ್ಟುತ್ತದೆ. ರೇಡಿಯೇಟರನ್ನು ಹೊಸದಾಗಿ ಹಾಕಿದರೂ ಬ್ಲಾಕಿನ ಒಳಗಿನ ಪೊರೆ ಹಾಗೇ ಇರುವುದರಿಂದ ಗಾಡಿ ಮತ್ತೆ ಕಾಯುತ್ತದೆ. ಅಷ್ಟೆಲ್ಲ ಖರ್ಚು ಮಾಡಿ ರಿಪೇರಿ ಮಾಡಿಸಿದ ಗಾಡಿಗೆ ಮರುದಿನವೇ ಅದೇ ಕೊಳವೆಬಾವಿಯ ನೀರು ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಇನ್ನೊಂದು ಧೂಳು ಮತ್ತು ಹೊಟ್ಟು. ಐಷರ್‌ನಂಥ ಗಾಳಿ ಎಂಜಿನಿನಲ್ಲಿ ಸಿಲಿಂಡರಿನ ಸುತ್ತಲಿನ ರೆಕ್ಕೆಗಳ ನಡುವೆ ಜೋಳದ ರಾಶಿಯ ಹೊಟ್ಟು ಹೋಗಿ ಕೂರುತ್ತದೆ, ಸೋರಿದ ಆಯಿಲ್ ಅದನ್ನು ಅಂಟಿನ ಹಾಗೆ ಹಿಡಿಯುತ್ತದೆ, ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ ತಣಿಯಲು ಗಾಳಿಗೆ ದಾರಿಯೇ ಇರುವುದಿಲ್ಲ. ಈ ರೆಕ್ಕೆಗಳನ್ನು ಕಡ್ಡಿ ಹಾಕಿ ಒಂದೊಂದಾಗಿ ಬಿಡಿಸುವುದು ಬೇಸರದ ಕೆಲಸ. ಯಾರ ಕಣ್ಣಿಗೂ ಬೀಳದ ಕೆಲಸ ಕೂಡ.

ಕಣ್ಣಿಗೆ ಬೀಳುವ ಕೆಲಸ ಬೇರೆ. ಖಂಡೆಪೂಜೆ ಹತ್ತಿರ ಬಂದಾಗ, ಜಾತ್ರೆಯ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗಳ ಹೊತ್ತಿಗೆ ಹಳೆ ಗಾಡಿಗಳು ಮಿರಮಿರ ಮಿಂಚತೊಡಗುತ್ತವೆ. ತುಕ್ಕು ಉಜ್ಜದೆ ಅದರ ಮೇಲೇ ಹೊಡೆದ ಬಣ್ಣ, ರೇಡಿಯಂ ಸ್ಟಿಕ್ಕರು, ಕ್ರೋಮಿನ ಬಂಪರು, ಮಡ್‌ಗಾರ್ಡಿನ ಅಗಲದ ಎರಡು ಸ್ಪೀಕರು. ಎತ್ತಿಗೆ ಕಾರಹುಣ್ಣಿಮೆಯಲ್ಲಿ ಬಣ್ಣ ಬಳಿದು ಕೊಂಬಣಸು ತೊಡಿಸುವ ನಾಡು ಇದು, ಶೃಂಗಾರದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಅವಸರದಲ್ಲಿ ಬಾನೆಟ್ಟಿನ ಪಕ್ಕದ ಹಿತ್ತಾಳೆ ಇಲ್ಲವೇ ಅಲ್ಯುಮಿನಿಯಂ ಪಟ್ಟಿಯ ಮೇಲಿನ ಚಾಸಿ ನಂಬರು, ತಯಾರಾದ ವರ್ಷ ಬಣ್ಣದಡಿ ಹೂತುಹೋಗುತ್ತವೆ. ಪಟ್ಟಿ ಸಡಿಲವಿದ್ದರೆ ಕಿತ್ತು ಬಿಸಾಕುವುದೂ ಉಂಟು. ಮೂಲದ ಬಣ್ಣ ಯಾವುದಿತ್ತು ಎಂದು ತೋರಿಸಲು ಸೀಟಿನ ಕೆಳಗೆ ಅಂಗೈಯಗಲ ಜಾಗವನ್ನೂ ಬಿಡುವುದಿಲ್ಲ. ಹೀಗೆ ಮಾಡಿದ ಮೇಲೆ ಅದು 1974ರ ಗಾಡಿಯೋ 1984ರದೋ ಎಂದು ಮನೆಯವರೇ ಊಹಿಸಬೇಕು.

ಇದಕ್ಕಿಂತ ದೊಡ್ಡ ತಕರಾರು ಬ್ರೇಕಿನದು. ಟ್ರ್ಯಾಕ್ಟರಿಗೆ ಬಲಕ್ಕೊಂದು, ಎಡಕ್ಕೊಂದು ಬ್ರೇಕ್ ಪೆಡಲು. ಹೊಲದಲ್ಲಿ ಒಂದನ್ನೇ ಒತ್ತಿ ಸಾಲಿನ ಕೊನೆಗೆ ಗಕ್ಕನೆ ತಿರುಗಲಿಕ್ಕೆ ಈ ಏರ್ಪಾಡು. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಒಂದು ಸಣ್ಣ ಕೊಂಡಿ ಇರುತ್ತದೆ. ಹಳೆ ಗಾಡಿಗಳಲ್ಲಿ ಬಹಳ ಕಡೆ ಆ ಕೊಂಡಿಯೇ ನಾಪತ್ತೆ. ಒಂದೇ ಪೆಡಲಿನ ಮೇಲೆ ಕಾಲು ಬಿದ್ದರೆ ಟ್ರೇಲರ್ ಸಮೇತ ಗಾಡಿ ಪಕ್ಕಕ್ಕೆ ಹೊರಳುತ್ತದೆ. ಹಿಂದೆ ಜೋಡಿಸಿದ ಯಂತ್ರಗಳನ್ನು ತಿರುಗಿಸುವ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುವಂಥದ್ದು, ಅದರ ಮೇಲಿನ ಕವಚವೂ ಹಳೆ ಗಾಡಿಗಳಲ್ಲಿ ಇರುವುದಿಲ್ಲ. ಸೀರೆಯ ಸೆರಗು, ಧೋತರದ ಚುಂಗು ಸಿಕ್ಕರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸ್ಪೀಕರಿಗೆ ರೊಕ್ಕ ಹಾಕಿ ಕೊಂಡಿಗೆ ಹಾಕದ ಕೆಲಸವನ್ನು ಜೀರ್ಣೋದ್ಧಾರ ಎಂದು ಕರೆಯಲು ನಾನು ತಯಾರಿಲ್ಲ.

ಹಾಗಾದರೆ ಅಮೆರಿಕದವರ ಹಾಗೆ ಎಲ್ಲವನ್ನೂ ಮೂಲರೂಪಕ್ಕೆ ತರಬೇಕೇ? 2021ರಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಕ್ಕೆ ಕೊಟ್ಟ ವ್ಯಾಖ್ಯೆ ಹಾಗೇ ಹೇಳುತ್ತದೆ: 50 ವರ್ಷ ದಾಟಿದ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನ, ಮೂಲ ಸ್ವರೂಪದಲ್ಲೇ ಇರಬೇಕು, ಎಂಜಿನು, ಚಾಸಿಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅರಮನೆಯ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತು ಇದು. ಎರೆಹೊಲದಲ್ಲಿ 50 ವರ್ಷ ದುಡಿದ ಟ್ರ್ಯಾಕ್ಟರು ಎಂಜಿನ್ ಬಿಚ್ಚಿಸಿಕೊಳ್ಳದೆ ಉಳಿಯುವುದು ಸಾಧ್ಯವೇ ಇಲ್ಲ. ಆ ಅಳತೆಗೋಲು ಹಿಡಿದರೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಒಂದು ಗಾಡಿಯೂ ಪಾಸಾಗದು.

ಇಲ್ಲಿ ಬೂದುಬಣ್ಣದ ಫರ್ಗ್ಯುಸನ್ ಟಿಇ20ಯನ್ನು ನೆನೆಯಬೇಕು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ. ನಮ್ಮ ಮ್ಯಾಸಿ ಫರ್ಗ್ಯುಸನ್ನಿನ ಹಿರಿಯ. ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಗಾಡಿಗಳನ್ನು ಓಡಿಸಿಕೊಂಡು. ಹಿಮದಲ್ಲಿ ಹೋಗಲೆಂದು ಚಕ್ರಗಳಿಗೆ ಪಟ್ಟಾ ಹಾಕಿಸಿದ್ದರು. ಆ ಪಟ್ಟಾ ಕಿತ್ತು ಮೂಲಕ್ಕೆ ತನ್ನಿ ಎಂದು ಯಾರಾದರೂ ಹೇಳಿದರೆ ನಗುವುದಿಲ್ಲವೇ? ಕೆಲಸಕ್ಕಾಗಿ ಆದ ಬದಲಾವಣೆ ಗಾಡಿಯ ಚರಿತ್ರೆಗೆ ಸೇರಿದ್ದು. ಸಿಂದಗಿಯ ಫಿಟ್ಟರೊಬ್ಬ ಮುರಿದ ಡ್ರಾಬಾರಿಗೆ ರೈಲುಪಟ್ಟಿಯ ತುಂಡು ಬೆಸೆದಿದ್ದರೆ ಅದನ್ನು ಕೆತ್ತಿ ತೆಗೆದು ಹೊಸದು ಹಾಕಬೇಕಾಗಿಲ್ಲ. ಮಾಡಿದ ಕೆಲಸವನ್ನು ಮುಚ್ಚಿಡಲು ಆದ ಬದಲಾವಣೆಯನ್ನು ಮಾತ್ರ ನಾನು ಒಪ್ಪಲಾರೆ. ಮೇಲೆ ಹೇಳಿದ ಬಣ್ಣ ಆ ಗುಂಪಿನದು.

ಫರ್ಗ್ಯುಸನ್ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ಇವತ್ತಿನ ಬಹುತೇಕ ಎಲ್ಲ ಟ್ರ್ಯಾಕ್ಟರುಗಳ ಹಿಂದಿರುವ ಮೂರು ಕೈಗಳ ಹೈಡ್ರಾಲಿಕ್ ಜೋಡಣೆಗೆ, ಆ ಗಾಡಿಗೆ ತನ್ನ ಹೆಸರು ಕೊಟ್ಟ ಫರ್ಗ್ಯುಸನ್ನನೇ ಮೂಲ. ರೆಂಟೆ ಗಟ್ಟಿ ನೆಲಕ್ಕೆ ಸಿಕ್ಕಾಗ ಮೇಲಿನ ಕೈಯ ಮೇಲೆ ಬೀಳುವ ಒತ್ತಡವನ್ನು ಗಾಡಿ ತಾನೇ ಗ್ರಹಿಸಿ ರೆಂಟೆಯನ್ನು ತುಸು ಎತ್ತಿಕೊಳ್ಳುತ್ತದೆ. ಆ ಭಾರ ಹಿಂದಿನ ಗಾಲಿಗೆ ಬಿದ್ದು ಹಿಡಿತ ಹೆಚ್ಚುತ್ತದೆ. ಸಣ್ಣ ಟ್ರ್ಯಾಕ್ಟರು ತನ್ನ ಮೈಗೆ ಮೀರಿ ದುಡಿಯುವುದರ ಗುಟ್ಟು ಇದು. ಎಷ್ಟೋ ಹಳೆ ಮ್ಯಾಸಿಗಳಲ್ಲಿ ಈ ಗ್ರಹಿಕೆಯನ್ನು ನಡೆಸುವ ಡ್ರಾಫ್ಟ್ ಲಿವರು ಹಿಡಿದುಕೊಂಡು ನಿಂತಿರುತ್ತದೆ, ಎತ್ತುವ ಇಳಿಸುವ ಲಿವರು ನಡೆದರೆ ಸಾಕೆಂದು ಫಿಟ್ಟರೂ ಬಿಟ್ಟಿರುತ್ತಾನೆ, ಒಡೆಯನೂ ಕೇಳುವುದಿಲ್ಲ. ಗಾಡಿಯ ಅತಿ ಬುದ್ಧಿವಂತ ಭಾಗವನ್ನೇ ಸತ್ತಂತೆ ಬಿಟ್ಟು ಬಾನೆಟ್ಟು ಹೊಳೆಯಿಸಿದರೆ ಏನು ಬಂತು?

ನಮ್ಮ ಫಿಟ್ಟರುಗಳ ಕೈಯಲ್ಲಿರುವ ವಿದ್ಯೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಎಚ್‌ಎಂಟಿಯ ಬಿಡಿಭಾಗ ಸಿಗದಾಗ ಇನ್ನೊಂದರದ್ದನ್ನು ಲೇಥಿಗೆ ಕೊಟ್ಟು ಕೂರಿಸುವ ಜಾಣ್ಮೆ ಯಾವ ಮ್ಯಾನುಯಲ್ಲಿನಲ್ಲೂ ಇಲ್ಲ. ಕೊರತೆಯೂ ಅಲ್ಲೇ ಇದೆ. ಯಾವ ಗಾಡಿಗೆ ಯಾವ ಬೇರಿಂಗು ಕೂತಿತು, ಲೈನರ್ ಎಷ್ಟು ಓವರ್‌ಸೈಜ್ ಆಯಿತು ಎಂಬುದು ಒಂದು ನೋಟ್‌ಬುಕ್ಕಿನಲ್ಲೂ ಇರುವುದಿಲ್ಲ, ಎಲ್ಲ ತಲೆಯಲ್ಲಿ. ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಒಂದು ವರ್ಷದ ಕೋರ್ಸೇ ಇದೆ. ಇಂಥ ಹಿರಿಯರನ್ನು ತಿಂಗಳಿಗೊಮ್ಮೆ ಕರೆಸಿ, ಹುಡುಗರ ಮುಂದೆ ಒಂದು ಸಿಂಗಲ್ ಸಿಲಿಂಡರ್ ಎಂಜಿನನ್ನು ಬಿಚ್ಚಿಸಿದರೆ ಖರ್ಚೇನೂ ಇಲ್ಲ. ಹಳೆ ಗಾಡಿ ಇಟ್ಟುಕೊಂಡವರಿಗೆ ಕಾಯಿದೆಯ ಭಯವೂ ಬೇಡ: ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿದರೂ ಐದೈದು ವರ್ಷಕ್ಕೆ ನವೀಕರಿಸಬಹುದು. ಹತ್ತು ವರ್ಷಕ್ಕೇ ಗುಜರಿಗೆ ಹಾಕುತ್ತಾರೆಂಬ ಸುದ್ದಿ ಹಬ್ಬಿದಾಗ ಕೇಂದ್ರವೇ ಅದನ್ನು ಅಲ್ಲಗಳೆದಿತ್ತು.

ಈಗ ಸರದಿ ಮಿತ್ಸುಬಿಷಿ ಶಕ್ತಿಯದು. ಮೊದಮೊದಲು ಕೊಂಡವರ ಗಾಡಿಗಳು ಹಣ್ಣಾಗಿವೆ, ಬಹುಪಾಲು ಇನ್ನೂ ತೋಟದಲ್ಲೇ ಇವೆ. ದ್ರಾಕ್ಷಿಯ ತಂತಿಗೆ ತಾಗದಿರಲೆಂದು ಸೈಲೆನ್ಸರನ್ನು ಪಕ್ಕಕ್ಕೆ ತಿರುಗಿಸಿದ, ಸಾಲಿನಲ್ಲಿ ತೂರಲೆಂದು ಮಡ್‌ಗಾರ್ಡಿನ ಅಂಚು ಕತ್ತರಿಸಿದ ಶಕ್ತಿಯೊಂದು ರಿಪೇರಿಗೆ ಬಂದರೆ, ಕತ್ತರಿಸಿದ ಅಂಚನ್ನು ಹಾಗೇ ಬಿಟ್ಟು ಬ್ರೇಕಿನ ಕೊಂಡಿಯನ್ನು ಮೊದಲು ಹುಡುಕುವ ಫಿಟ್ಟರಿಗೆ ನನ್ನ ಮತ. ಬಣ್ಣವನ್ನು ಬೇಕಾದರೆ ಆಮೇಲೆ ಹೊಡೆಯಲಿ, ನಂಬರಿನ ಪಟ್ಟಿಯೊಂದನ್ನು ಬಿಟ್ಟು.