ಸ್ಪಿನೋಜನ ‘ಎಥಿಕ್ಸ್’: ಮರುಪ್ರೀತಿಯ ಪ್ರಶ್ನೆ

ಹಾಲೆಂಡಿನ ತತ್ತ್ವಜ್ಞ ಸ್ಪಿನೋಜನು 1677ರಲ್ಲಿ ಕಾಲವಾದ ಬಳಿಕ ಅದೇ ವರ್ಷ ಪ್ರಕಟವಾದ ‘ಎಥಿಕ್ಸ್’ ಅವಸರದ ತೀರ್ಪುಗಳಿಗೆ ಈಡಾದ ಗ್ರಂಥ. ದೇವರೂ ಪ್ರಕೃತಿಯೂ ಒಂದೇ ದ್ರವ್ಯವೆಂದುದಕ್ಕಾಗಿ ಫ್ರಾನ್ಸಿನ ಪಿಯರ್ ಬೇಲ್ 1697ರ ತನ್ನ ಕೋಶದಲ್ಲಿ ಅವನನ್ನು ನಾಸ್ತಿಕನೆಂದನು. ನಮ್ಮವರಲ್ಲಿ ಕೆಲವರು ಶಾಂಕರಾದ್ವೈತಿಯೆಂದೇ ಬಗೆದರು. ಎರಡೂ ಸಲ್ಲವು. ಅವನು ಪ್ರಕೃತಿಯೆಂದು ಕರೆದದ್ದು ತನಗೆ ತಾನೇ ಕಾರಣವಾದ ಅನಂತ ದ್ರವ್ಯವನ್ನು. ಕಾಣುವ ಗಿಡಮರಗಳ ಮೊತ್ತವನ್ನಲ್ಲ. ವಸ್ತುಗಳು ಆ ದ್ರವ್ಯದ ಪ್ರಕಾರಗಳಾದುದರಿಂದ ಅವುಗಳನ್ನು ಮಿಥ್ಯೆಯೆನ್ನಲೂ ಬಾರದು.

ರೇಖಾಗಣಿತದ ಚೌಕಟ್ಟಿನಲ್ಲಿ ಬರೆದ ಈ ಗ್ರಂಥ ಓದುಗನನ್ನು ದಣಿಸುವುದು ನಿಜ. ಆದರೆ ಭಕ್ತನಾದವನು ಎಡವುವುದು ಐದನೆಯ ಭಾಗದ 19ನೆಯ ಪ್ರಮೇಯದಲ್ಲಿ. ದೇವರನ್ನು ಪ್ರೀತಿಸುವವನಿಗೆ ಅವನ ಮರುಪ್ರೀತಿಗಾಗಿ ಹವಣಿಸುವುದು ಸಾಧ್ಯವೇ ಇಲ್ಲವೆಂದು ಅಲ್ಲಿ ಸ್ಪಿನೋಜ ವಾದಿಸುತ್ತಾನೆ. ಹಾಗಾದರೆ ಮೊರೆಯಿಡುವುದು ಯಾರಲ್ಲಿ? ಇಷ್ಟಕ್ಕೇ ಪುಸ್ತಕ ಮುಚ್ಚಿದವರು 36ನೆಯ ಪ್ರಮೇಯದವರೆಗೆ ಹೋಗಬೇಕಿತ್ತು. ಜ್ಞಾನದಿಂದ ಹುಟ್ಟಿದ ನಮ್ಮ ದೈವಪ್ರೀತಿಯು, ದೇವರು ತನ್ನನ್ನು ತಾನು ಪ್ರೀತಿಸುವ ಅನಂತ ಪ್ರೀತಿಯದೇ ಒಂದಂಶವೆಂದು ಅಲ್ಲಿ ಹೇಳಿದೆ. ಬೇಡುವವನು ಬೇರೆಯಾಗಿ ನಿಲ್ಲದಿದ್ದರೆ ಮರುಪ್ರೀತಿಯ ಕೊರತೆ ಎಲ್ಲಿಯದು? ತರ್ಕ ಒಪ್ಪತಕ್ಕದ್ದೇ. ಆದರೂ ಮಗುವನ್ನು ಕಳೆದುಕೊಂಡು ಅಳುವ ತಾಯಿಗೆ ಈ ಉತ್ತರ ಸಾಕೆನ್ನುವ ಧೈರ್ಯ ನಮಗಿಲ್ಲ.