ಹಳೆಯ ಆಟ, ಹೊಸ ಪ್ರತಿ

ಕಳೆದ ದಸರಾ ರಜೆಗೆ ಮನೆಗೆ ಬಂದಿದ್ದ ನನ್ನ ತಂಗಿಯ ಮಗ ಒಂದು ಮಧ್ಯಾಹ್ನ ಮುಖ ಸಪ್ಪೆ ಮಾಡಿಕೊಂಡು ಎದುರಿಗೆ ಬಂದು ನಿಂತ. ಅವನಿಗೆ ಹತ್ತು ವರ್ಷ. ಕೈಯಲ್ಲಿ ನಾನು ಆಗಷ್ಟೇ ಕೊಂಡಿದ್ದ ಪುಟ್ಟ ಗೇಮ್ ಕನ್ಸೋಲ್ ಇತ್ತು. “ಮಾಮ, ಇದರಲ್ಲಿ ಎಲ್ಲರೂ ನನ್ನನ್ನ ಕಳ್ಳ ಅಂತ ಕರೀತಿದ್ದಾರೆ. ನನ್ನ ಹೆಸರು ವಾಪಸ್ ಬರೋ ಹಾಗೆ ಮಾಡಿಕೊಡು” ಎಂದ.

ಅವನು ಆಡುತ್ತಿದ್ದುದು ‘ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್’. ಜಪಾನಿನ ನಿಂಟೆಂಡೊ ಕಂಪನಿ 1993ರಲ್ಲಿ ತನ್ನ ಗೇಮ್ ಬಾಯ್ ಯಂತ್ರಕ್ಕಾಗಿ ಹೊರತಂದ ಆಟ. ಅದರ ಹಳ್ಳಿಯೊಂದರಲ್ಲಿ ಒಂದು ಅಂಗಡಿಯಿದೆ. ಅಲ್ಲಿ ಬಿಲ್ಲಿನ ಬೆಲೆ 980 ‘ರುಪೀ’. ಹೆಸರು ನಮ್ಮ ರೂಪಾಯಿಯಂತೆ ಕೇಳಿಸಿದರೂ ಅದು ಆ ಲೋಕದ ಹರಳಿನ ಹಣ. ಅಷ್ಟು ಕೂಡಿಹಾಕಲು ಬಹಳ ಹೊತ್ತು ಬೇಕು. ಆದರೆ ಅಂಗಡಿಯವನ ಸುತ್ತ ಸುಳಿದಾಡಿ, ಅವನು ಬೇರೆ ಕಡೆ ನೋಡುವ ಗಳಿಗೆಯಲ್ಲಿ ಹೊರಗೆ ಓಡಿದರೆ ಬಿಲ್ಲು ಪುಕ್ಕಟೆ. ಆಟ ನಿಮ್ಮನ್ನು ತಡೆಯುವುದಿಲ್ಲ. ಇದು ನಿನಗೆ ಹೆಮ್ಮೆಯ ವಿಷಯವೇ ಎಂದಷ್ಟೇ ಕೇಳುತ್ತದೆ. ಅಲ್ಲಿಂದ ಮುಂದೆ, ನೀವು ಆರಂಭದಲ್ಲಿ ಬರೆದುಕೊಟ್ಟ ಹೆಸರನ್ನು ಬಿಟ್ಟು ಜನ ನಿಮ್ಮನ್ನು ‘ಕಳ್ಳ’ ಎಂದೇ ಕರೆಯುತ್ತಾರೆ. ಮತ್ತೆ ಆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವನ ಕೈಯಲ್ಲಿ ಸಾವು.

ಕದ್ದ ಮೇಲೆ ಆಟವನ್ನು ಉಳಿಸಿಬಿಟ್ಟ 1993ರ ಹುಡುಗನಿಗೆ ಇದರಿಂದ ಪಾರಾಗುವ ದಾರಿ ಇರಲಿಲ್ಲ. ಮತ್ತೆ ಮೊದಲಿನಿಂದ ಆಡಬೇಕಿತ್ತು. ನನ್ನ ಬಳಿ ದಾರಿ ಇತ್ತು. ಈ ಹೊಸ ಯಂತ್ರದಲ್ಲಿ ‘ಸೇವ್ ಸ್ಟೇಟ್’ ಎಂಬುದೊಂದಿದೆ: ಯಾವ ಕ್ಷಣದಲ್ಲಿ ಬೇಕಾದರೂ ಆಟವನ್ನು ಹಾಗೆಯೇ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು, ಬೇಕೆಂದಾಗ ಅಲ್ಲಿಗೇ ಮರಳಬಹುದು. ಆ ದಿನ ಬೆಳಗ್ಗೆ ಉಳಿಸಿಟ್ಟ ಸ್ಥಿತಿ ಕಾರ್ಡಿನಲ್ಲಿತ್ತು. ಎರಡು ಗುಂಡಿ ಒತ್ತಿದರೆ ಕಳ್ಳತನ ನಡೆದೇ ಇರಲಿಲ್ಲ. ಆದರೂ ನನ್ನ ಕೈ ತಡೆಯಿತು. ಯಾಕೆ ತಡೆಯಿತು ಎಂದು ಯೋಚಿಸುತ್ತ ಹೋದಾಗ, ನಾನು ಕೊಂಡದ್ದು ನಿಜಕ್ಕೂ ಏನನ್ನು ಎಂಬ ಪ್ರಶ್ನೆಗೆ ಬಂದು ನಿಂತೆ.

ಕೊಳ್ಳುವಾಗ ನನಗೆ ಈ ಪ್ರಶ್ನೆ ಇರಲಿಲ್ಲ. ಹಳೆಯ ಆಟಗಳನ್ನು ಆಡಿಸುವ ಕೈಯಂತ್ರಗಳ ಸಂತೆಯೇ ಈಗ ನಡೆದಿದೆ. ಬಹುಪಾಲು ಚೀನಾದಲ್ಲಿ ತಯಾರಾದವು. ಒಳಗಿರುವುದು ಪುಟ್ಟ ಕಂಪ್ಯೂಟರು. ಅದರ ಮೇಲೆ ಹಳೆಯ ಯಂತ್ರದಂತೆ ನಟಿಸುವ ‘ಎಮ್ಯುಲೇಟರ್’ ಎಂಬ ತಂತ್ರಾಂಶ. ಗೇಮ್ ಬಾಯ್ ಆಟ ಹಾಕಿದರೆ ಗೇಮ್ ಬಾಯ್ ವೇಷ, ಸೆಗಾ ಆಟ ಹಾಕಿದರೆ ಸೆಗಾ ವೇಷ. ನಾನು ಆರಿಸಿದ್ದು ಅಂಗಿಯ ಜೇಬಿನಲ್ಲಿ ಹಿಡಿಯುವ, 3.5 ಇಂಚು ಪರದೆಯ ಯಂತ್ರ.

ಆರಿಸುವುದರಲ್ಲೇ ಒಂದು ಲೆಕ್ಕವಿದೆ. 1989ರ ಗೇಮ್ ಬಾಯ್ ಪರದೆಯಲ್ಲಿ ಅಡ್ಡ 160, ಉದ್ದ 144 ಚುಕ್ಕಿ. ನನ್ನ ಯಂತ್ರದ್ದು 640×480. ಹಳೆಯ ಒಂದು ಚುಕ್ಕಿಗೆ ಹೊಸ ಮೂರು ಚುಕ್ಕಿಯಂತೆ ಹಿಗ್ಗಿಸಿದರೆ ಚಿತ್ರ 480×432 ಆಗುತ್ತದೆ. ಸುತ್ತ ಕಪ್ಪು ಅಂಚು ಉಳಿಯುತ್ತದೆ. ಅಂಚು ಬೇಡವೆಂದು ಮೇಲಿನಿಂದ ಕೆಳಗಿನವರೆಗೆ ತುಂಬಿಸಿದರೆ ಒಂದಕ್ಕೆ ಮೂರೂಕಾಲಿಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ಕಾಲು ಚುಕ್ಕಿ ಎಂಬುದಿಲ್ಲವಾದ್ದರಿಂದ ಕೆಲವು ಗೆರೆ ದಪ್ಪ, ಕೆಲವು ತೆಳು. ನಡೆಯುವಾಗ ಪಾತ್ರದ ಮುಖ ನಡುಗಿದಂತೆ ಕಾಣುತ್ತದೆ. 2021ರಲ್ಲಿ ಬಂದ ಅನಲಾಗ್ ಪಾಕೆಟ್ ಎಂಬ ದುಬಾರಿ ಯಂತ್ರದ ಪರದೆ 1600×1440, ಅಂದರೆ ಗೇಮ್ ಬಾಯ್‌ನ ಸರಿಯಾಗಿ ಹತ್ತು ಪಟ್ಟು. ಅದು ಹಳೆಯ ಕಾರ್ಟ್ರಿಜ್‌ಗಳನ್ನೂ ನೇರವಾಗಿ ಓದುತ್ತದೆ. ಇದು ಹುಚ್ಚರ ಲೆಕ್ಕವೆನ್ನಿಸಬಹುದು. ಆದರೆ ಪುಸ್ತಕ ಪ್ರೀತಿಸುವವರು ಅಚ್ಚಿನ ಮೊಳೆ, ಅಂಚಿನ ಜಾಗ, ಕಾಗದದ ಬಣ್ಣದ ಬಗ್ಗೆ ಆಡುವ ಮಾತಿಗಿಂತ ಇದು ಬೇರೆಯಲ್ಲ.

ಯಂತ್ರ ಬಂದ ಮೊದಲ ಸಂಜೆ ನಾನು ಏನೂ ಆಡಲಿಲ್ಲ. ಜೊತೆಗೆ ಬಂದ ಮೆಮೊರಿ ಕಾರ್ಡಿನಲ್ಲಿ ಸಾವಿರಾರು ಆಟಗಳಿದ್ದವು. ಒಂದನ್ನು ತೆರೆದು ಐದು ನಿಮಿಷಕ್ಕೆ ಮುಚ್ಚುವುದು, ಇನ್ನೊಂದನ್ನು ತೆರೆಯುವುದು. ಲೈಬ್ರರಿಯ ಕಪಾಟಿನ ಮುಂದೆ ನಿಂತು ಬೆನ್ನುಗಳ ಮೇಲಿನ ಹೆಸರನ್ನಷ್ಟೇ ಓದಿ ಮನೆಗೆ ಬಂದಂತೆ. ಎರಡು ಗಂಟೆ ಕಳೆದ ಮೇಲೆ ಗೊತ್ತಾಯಿತು, ನಾನು ಹುಡುಕುತ್ತಿದ್ದುದು ಒಂದೇ ಆಟ: ‘ಕಾಂಟ್ರಾ’.

ನನ್ನ ಪೀಳಿಗೆಯ ಬಹಳ ಮಂದಿಗೆ ಆ ಹೆಸರೇ ಸಾಕು. ತೊಂಬತ್ತರ ದಶಕದಲ್ಲಿ ನಮ್ಮಂಥವರ ಮನೆಗೆ ಬಂದದ್ದು ನಿಂಟೆಂಡೊದ ಅಸಲಿ ಯಂತ್ರವಲ್ಲ, ಅದರ ನಕಲು. ದಾವಣಗೆರೆಯ ನಮ್ಮ ಓಣಿಯಲ್ಲಿ ಅದಕ್ಕೆ ‘ವಿಡಿಯೋ ಗೇಮ್’ ಎಂದಷ್ಟೇ ಹೆಸರು. ಕಾರ್ಟ್ರಿಜ್‌ಗೆ ನಾವು ‘ಕ್ಯಾಸೆಟ್’ ಎನ್ನುತ್ತಿದ್ದೆವು. ಓಡದಿದ್ದರೆ ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು. ಕ್ಯಾಸೆಟ್ಟಿನ ಮೇಲೆ ನೂರಾರು ಆಟವೆಂದು ಬರೆದಿರುತ್ತಿತ್ತು, ಒಳಗೆ ಹತ್ತೋ ಹದಿನೈದೋ ಆಟ ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಅದರಲ್ಲಿ ಕಾಂಟ್ರಾ ಮೂರು ಸಲ ಇತ್ತು. ಒಂದರಲ್ಲಿ ಮೂರು ಜೀವ, ಒಂದರಲ್ಲಿ ಮೂವತ್ತು, ಇನ್ನೊಂದು ನೇರ ಜಲಪಾತದ ಹಂತದಿಂದಲೇ ಶುರು. ಇಂಥ ಆಟವನ್ನು ಯಾರು ಬರೆದರು, ಯಾರು ತಿದ್ದಿದರು ಎಂಬ ಪ್ರಶ್ನೆ ನಮಗೆ ಬರಲೇ ಇಲ್ಲ.

ಹೊಸ ಯಂತ್ರದಲ್ಲಿ ಕಾಂಟ್ರಾದ ಜಪಾನಿ ಪ್ರತಿಯನ್ನು ತೆರೆದಾಗ ಬೆಚ್ಚಿದೆ. ಮೊದಲ ಹಂತದ ಕಾಡಿನಲ್ಲಿ ಎಲೆಗಳು ಅಲುಗಾಡುತ್ತಿದ್ದವು. ಮುಂದೆ ಹಿಮದ ಹಂತದಲ್ಲಿ ಹಿಮ ಬೀಳುತ್ತಿತ್ತು. ಹಂತಗಳ ನಡುವೆ ಕಥೆ ಹೇಳುವ ದೃಶ್ಯಗಳಿದ್ದವು. ಇವು 1988ರ ಜಪಾನಿನ ಆವೃತ್ತಿಯಲ್ಲಿದ್ದವು. ಅಮೆರಿಕದ ಆವೃತ್ತಿಯಲ್ಲಿ ಇಲ್ಲ. ಜಪಾನಿನ ಕಾರ್ಟ್ರಿಜ್‌ನಲ್ಲಿ ಬಳಸಿದ್ದ ಹೆಚ್ಚುವರಿ ಚಿಪ್ ಅಮೆರಿಕದ್ದರಲ್ಲಿ ಇರಲಿಲ್ಲ. ಯುರೋಪಿನಲ್ಲಿ ಇದೇ ಆಟ ‘ಪ್ರೊಬೊಟೆಕ್ಟರ್’ ಆಯಿತು. ಯುದ್ಧದ ಹಿಂಸೆಯ ಬಗ್ಗೆ ಜರ್ಮನಿಯ ಕಟ್ಟುನಿಟ್ಟಿನಿಂದಾಗಿ ಸೈನಿಕರ ಜಾಗಕ್ಕೆ ರೋಬೋಟುಗಳು ಬಂದವು. ನನ್ನ ಓಣಿಯ ಕಾಂಟ್ರಾದಲ್ಲಿ ಎಲೆ ಅಲುಗಾಡಿದ್ದು ನೆನಪಿಲ್ಲ.

ಕನ್ನಡ ಎಂ.ಎ. ತರಗತಿಯಲ್ಲಿ ಕೂತವರಿಗೆ ಇದು ಹೊಸ ಸಂಗತಿಯಲ್ಲ. ಗ್ರಂಥಸಂಪಾದನೆಯ ಪಾಠದಲ್ಲಿ ನಾವು ಇದನ್ನೇ ಕಲಿತೆವು: ಓಲೆಗರಿಯಿಂದ ಓಲೆಗರಿಗೆ ಪಾಠ ಬದಲಾಗುತ್ತದೆ, ಲಿಪಿಕಾರ ತಪ್ಪುತ್ತಾನೆ, ಕೆಲವೊಮ್ಮೆ ತಾನೇ ಸೇರಿಸುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರಂಥವರು ಪ್ರತಿಗಳನ್ನು ಎದುರುಬದುರು ಇಟ್ಟು ಮೂಲಪಾಠದ ಕಡೆಗೆ ನಡೆದರು. ಆದರೆ ನಮ್ಮ ಪರಂಪರೆಯಲ್ಲೇ ಇನ್ನೊಂದು ಮಾದರಿಯೂ ಇದೆ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹದೇವಯ್ಯ ಮಾಡಿದ್ದನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಮತ್ತೆ ಮತ್ತೆ ಕಟ್ಟಿದರು. ಅಲ್ಲಿ ನಂತರದ್ದನ್ನು ಕೆಟ್ಟ ನಕಲು ಎನ್ನುವುದಿಲ್ಲ. ಇನ್ನೊಂದು ಸಂಪಾದನೆ ಎನ್ನುತ್ತೇವೆ.

ಹಾಗಾದರೆ ನನ್ನ ಮೂವತ್ತು ಜೀವದ ಕಾಂಟ್ರಾ ಯಾವುದು? ಲಿಪಿಕಾರನ ದೋಷವೋ, ಇನ್ನೊಂದು ಸಂಪಾದನೆಯೋ? ಮೂವತ್ತು ಜೀವದ ಗುಟ್ಟಿಗೂ ಒಂದು ಮೂಲವಿದೆ. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವಾಗ ಅದು ತನಗೇ ಕಷ್ಟವೆನಿಸಿ, ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಬಲ ಸಿಗುವಂತೆ ಗುಟ್ಟೊಂದನ್ನು ಸೇರಿಸಿದ. ಅದೇ ಕ್ರಮ ಕಾಂಟ್ರಾಕ್ಕೂ ಬಂತು. ಅಮೆರಿಕದ ಹುಡುಗರಿಗೆ ಅದು ಕಿವಿಯಿಂದ ಕಿವಿಗೆ ದಾಟಿದ ಮಂತ್ರ. ನಮಗೆ ನಕಲು ಮಾಡಿದವನೊಬ್ಬ ಅದನ್ನು ಪಟ್ಟಿಯ ಮೇಲೇ ಬರೆದುಕೊಟ್ಟಿದ್ದ. ನಾನು ಆಡಿ ಬೆಳೆದದ್ದು ಆ ಪಾಠವನ್ನೇ. ಜಪಾನಿನ ಪ್ರತಿ ಹೆಚ್ಚು ಚೆಲುವು, ನಿಜ. ಆದರೆ ಅದು ನನಗೆ ನೆನಪಲ್ಲ, ಹೊಸ ಓದು. ‘ರೆಟ್ರೊ’ ಎಂಬ ಹೆಸರಿನಲ್ಲಿ ಈ ಯಂತ್ರಗಳು ಮಾರುವ ಬಾಲ್ಯ ಬಹುಮಟ್ಟಿಗೆ ಅಮೆರಿಕದ್ದೋ ಜಪಾನಿನದ್ದೋ. ನಮ್ಮಲ್ಲಿ ಗೇಮ್ ಬಾಯ್ ಕಂಡವರೇ ಕಡಿಮೆ. ಗೇಮ್ ಬಾಯ್‌ನ ಹಸಿರು ಪರದೆಯನ್ನು ಅನುಕರಿಸುವ ಫಿಲ್ಟರ್ ಹಾಕಿಕೊಂಡು ನಾನು ನಿಟ್ಟುಸಿರು ಬಿಟ್ಟರೆ ಅದು ಇನ್ನೊಬ್ಬರ ಹಳಹಳಿಕೆಯನ್ನು ಬಾಡಿಗೆಗೆ ತಂದಂತೆ.

ಇಲ್ಲಿ ಕಾನೂನಿನ ಮಾತನ್ನೂ ಆಡಬೇಕು. ಹೀಗೆ ತುಂಬಿಸಿ ಕೊಡುವ ಆಟಗಳಿಗೆ ಸಾಮಾನ್ಯವಾಗಿ ಯಾರ ಪರವಾನಗಿಯೂ ಇರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, ನ್ಯಾಯವಾಗಿ ಕೈಯಲ್ಲಿರುವ ಪ್ರೋಗ್ರಾಮಿಗೆ ಕಾಪು ಪ್ರತಿ ಮಾಡಿಟ್ಟುಕೊಳ್ಳಲು ಬಿಡುತ್ತದೆ; ಸಾವಿರ ಆಟ ತುಂಬಿ ಮಾರಲು ಬಿಡುವುದಿಲ್ಲ. ಇನ್ನೊಂದು ಪಕ್ಕವೂ ಇದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಯನ್ನು ಮುಚ್ಚಿತು. ಒಡೆಯರು ಮಾರದ, ಕಾಪಿಡದ ಆಟಗಳು ಬಹುಪಾಲು ಉಳಿದಿರುವುದು ನಕಲು ಮಾಡಿದವರಿಂದ. ಓಲೆಗರಿಯ ಚರಿತ್ರೆ ಬಲ್ಲವರು ಈ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾರರು. ಹಾಗೆಂದು ಮಾರಾಟಗಾರನ ಕಾರ್ಡನ್ನು ಸಂರಕ್ಷಣೆ ಎಂದು ಕರೆಯಲೂ ನನಗೆ ಮನಸ್ಸಿಲ್ಲ. ಒಳ್ಳೆಯ ಸಂಪಾದಕ ಯಾವ ಪ್ರತಿ ಎಲ್ಲಿಂದ ಬಂತು ಎಂದು ಹೇಳುತ್ತಾನೆ. ಈ ಕಾರ್ಡು ಹೇಳುವುದಿಲ್ಲ.

ಮತ್ತೆ ಕಳ್ಳನ ಕಥೆಗೆ ಬರುತ್ತೇನೆ. ಎಲೆ ಅಲುಗಾಡುವುದು, ಹಿಮ ಬೀಳುವುದು ಪಾಠದ ವ್ಯತ್ಯಾಸ. ಸೇವ್ ಸ್ಟೇಟ್ ಹಾಗಲ್ಲ. ಅದು ಆಟದ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ, ಓದುವ ರೀತಿಯನ್ನು ಬದಲಿಸುತ್ತದೆ. ಲಿಂಕ್ಸ್ ಅವೇಕನಿಂಗ್ ಕೇವಲ 512 ಕಿಲೋಬೈಟಿನ ಆಟ. ಫೋನಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಆ ಚಿಕ್ಕ ಜಾಗದಲ್ಲಿ ಆಟ ಎರಡು ಸಂಗತಿಗಳನ್ನು ಮರೆಯದೆ ಕಾದಿಡುತ್ತದೆ: ನೀವು ಕದ್ದಿರಾ, ಮತ್ತು ಎಷ್ಟು ಸಲ ಸತ್ತಿರಿ.

ಯಾಕೆಂದರೆ ಇಡೀ ಕಥೆ ನಿಂತಿರುವುದು ಹಿಂದಿರುಗಲಾಗದ ಒಂದು ಕೃತ್ಯದ ಮೇಲೆ. ನಾಯಕ ಲಿಂಕ್‌ನ ಹಡಗು ಒಡೆದು ಅವನು ಕೊಹೊಲಿಂಟ್ ಎಂಬ ದ್ವೀಪ ಸೇರುತ್ತಾನೆ. ಅಲ್ಲಿಂದ ಹೊರಬೀಳಬೇಕಾದರೆ ಬೆಟ್ಟದ ಮೇಲೆ ನಿದ್ರಿಸುತ್ತಿರುವ ಗಾಳಿಮೀನನ್ನು ಎಬ್ಬಿಸಬೇಕು. ಅರ್ಧ ದಾರಿಯಲ್ಲಿ ತಿಳಿಯುತ್ತದೆ, ಈ ದ್ವೀಪವೇ ಆ ಮೀನಿನ ಕನಸು. ಅದು ಎಚ್ಚರವಾದರೆ ಊರು, ಅಂಗಡಿಯವನು, ಹಾಡುವ ಹುಡುಗಿ ಮಾರಿನ್ ಎಲ್ಲರೂ ಇಲ್ಲವಾಗುತ್ತಾರೆ. ಆಟ ಮುಗಿಸುವುದೆಂದರೆ ಅವರನ್ನು ಅಳಿಸುವುದು. ಹಾಗಿದ್ದೂ ನೀವು ಆಡುತ್ತಲೇ ಹೋಗುತ್ತೀರಿ. ಅಂಗಡಿಯ ಕಳ್ಳತನ ಈ ದೊಡ್ಡ ಕಳ್ಳತನದ ತಾಲೀಮು ಎಂದು ನನಗೆ ಈಗ ಕಾಣುತ್ತದೆ.

ಕಡಲಹಕ್ಕಿಯಾಗಿ ಹಾರಿಹೋಗಬೇಕೆಂಬುದು ಮಾರಿನ್‌ಳ ಆಸೆ. ಒಮ್ಮೆಯೂ ಸಾಯದೆ ಆಟ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಅವಳು ಮತ್ತೆ ಕಾಣಿಸುತ್ತಾಳೆ. 1993ರ ಆವೃತ್ತಿಯಲ್ಲಿ ಅವಳಿಗೇ ರೆಕ್ಕೆ ಮೂಡಿರುತ್ತದೆ; 1998ರ ಬಣ್ಣದ ಆವೃತ್ತಿಯಲ್ಲಿ ಅವಳ ಮುಖ ಮಸುಕಾಗಿ ಕಡಲಹಕ್ಕಿ ಹಾರುತ್ತದೆ. ಕದ್ದವನು ಆ ಅಂಗಡಿಗೆ ಮತ್ತೆ ಹೋದರೆ ಸಾವು, ಸತ್ತರೆ ಮಾರಿನ್ ಕಾಣುವುದಿಲ್ಲ. ಮೊದಲ ದಿನ ಮಾಡಿದ್ದು ಕೊನೆಯ ದೃಶ್ಯವನ್ನು ಮುಟ್ಟಬಲ್ಲದು. ಸಾವಿಗೆ ಮುಂಚಿನ ಕ್ಷಣಕ್ಕೆ ಹಾರುತ್ತ ಆಡಿದರೆ ಯಾರಿಗಾದರೂ ಅವಳು ಕಾಣುತ್ತಾಳೆ. ಆದರೆ ಆಗ ಕಂಡದ್ದು ಚಿತ್ರವಷ್ಟೇ, ಅದರ ಹಿಂದಿನ ಭಾರವಲ್ಲ.

ಸೇವ್ ಸ್ಟೇಟ್ ಪಾಪವೆಂದು ನಾನು ಹೇಳುತ್ತಿಲ್ಲ. ಅಡುಗೆಮನೆಯಿಂದ ಕರೆ ಬಂದಾಗ ಆಟ ನಿಲ್ಲಿಸಲು ಅದು ಬೇಕು. ಬೆರಳು ಸೋತವರಿಗೆ ಅದು ಊರುಗೋಲು. ನನ್ನ ಮೂವತ್ತು ಜೀವವೂ ಇದೇ ಜಾತಿಯದ್ದಲ್ಲವೇ? ಕಾಂಟ್ರಾ ಅದನ್ನು ತಡೆದುಕೊಳ್ಳುತ್ತದೆ. ಅಲ್ಲಿ ಸಾವಿಗೆ ಕೌಶಲದ ಬೆಲೆ ಮಾತ್ರ. ಲಿಂಕ್ಸ್ ಅವೇಕನಿಂಗ್ ತಡೆದುಕೊಳ್ಳುವುದಿಲ್ಲ. ಯಾವ ಸೌಲಭ್ಯ ಯಾವ ಕೃತಿಯನ್ನು ಮುರಿಯುತ್ತದೆ ಎಂಬುದನ್ನು ಆಟ ಆಟಕ್ಕೂ ಬೇರೆಯಾಗಿ ಕೇಳಬೇಕು. ವಿಮರ್ಶೆಯ ಕೆಲಸವೂ ಅದೇ.

ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. ಹಿಂದಕ್ಕೆ ಹೋಗುವ ದಾರಿ ಇದೆ ಎಂದೆ, ಆಟ ಮಾಡಿದವರು ಅದನ್ನು ಇಟ್ಟಿರಲಿಲ್ಲ ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಪರದೆ ನೋಡುತ್ತ ಕೂತ. “ಬಿಲ್ಲು ಹೋಗುತ್ತಾ?” ಎಂದು ಕೇಳಿದ. ಹೋಗುತ್ತೆ ಎಂದೆ. ಎರಡು ದಿನ ಕಳ್ಳನಾಗಿಯೇ ಆಡಿದ, ಅಂಗಡಿಯ ಬಾಗಿಲು ಬಂದಾಗಲೆಲ್ಲ ಸುತ್ತು ಹಾಕಿಕೊಂಡು ಹೋದ. ಮೂರನೆಯ ದಿನ ಇನ್ನೊಂದು ಹೊಸ ಆಟ ಶುರು ಮಾಡಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಆರಿಸಿ ಬರೆದ. ಹಳೆಯದನ್ನು ಅಳಿಸಲಿಲ್ಲ.

ರಜೆ ಮುಗಿದು ಅವನು ಊರಿಗೆ ಹೋದ ಮೇಲೆ ನಾನು ಹೊಸ ಕಾರ್ಡೊಂದನ್ನು ತಂದೆ. ಸಾವಿರಾರರಲ್ಲಿ ಹನ್ನೊಂದು ಆಟ ಉಳಿಸಿಕೊಂಡಿದ್ದೇನೆ. ಕಾಂಟ್ರಾ ಎರಡು ಪ್ರತಿ ಇದೆ, ಎಲೆ ಅಲುಗಾಡುವುದೊಂದು, ಮೂವತ್ತು ಜೀವದ್ದೊಂದು. ಅವನ ಎರಡೂ ಫೈಲುಗಳು ಹಾಗೆಯೇ ಇವೆ. ಹೊಸ ಫೈಲಿನ ಹುಡುಗನ ಬಳಿ ಈಗ 312 ರುಪೀ ಇದೆ. ಬೇಸಿಗೆ ರಜೆಯವರೆಗೆ ಅದನ್ನು ಮುಟ್ಟಬಾರದೆಂದು ಹೇಳಿ ಹೋಗಿದ್ದಾನೆ.